ಈ ಸಲದ ಕ್ಯಾಲೆಂಡರ್ ಪೂರ್ತಿ ದಾರಾ ಸಿಂಗ್ ಅವರದ್ದು

ಪ್ರೀತಿಯ ಗ್ರಾಹಕರೇ,

ನಮ್ಮ ಕುಸ್ತಿ ಕ್ಯಾಲೆಂಡರಿನಲ್ಲಿ ಇಲ್ಲಿಯವರೆಗೆ ತಿಂಗಳಿಗೊಬ್ಬ ಪೈಲ್ವಾನರ ಫೋಟೋ ಇರುತ್ತಿತ್ತು. ಮುಂದಿನ ವರ್ಷದ್ದು ಹಾಗಿಲ್ಲ. ಹನ್ನೆರಡು ಹಾಳೆಯಲ್ಲೂ ಒಬ್ಬರೇ, ದಾರಾ ಸಿಂಗ್. ಟಿವಿಯಲ್ಲಿ ಬರುವ ಈಗಿನ ಕುಸ್ತಿಪಟುಗಳಿಗಾಗಿ ಕಾಯುತ್ತಿದ್ದವರಿಗೆ ಬೇಜಾರಾಗಬಹುದು, ಅದಕ್ಕೇ ಅಚ್ಚಿಗೆ ಹೋಗುವ ಮೊದಲೇ ತಿಳಿಸುತ್ತಿದ್ದೇವೆ.

ಅವರು ತೀರಿಕೊಂಡದ್ದು 2012ರ ಜುಲೈ 12ರಂದು. ಆಮೇಲೆ ಹುಟ್ಟಿದ ಮಕ್ಕಳು ಈಗ ಗರಡಿಗೆ ಬರುತ್ತಿದ್ದಾರೆ. ಅವರಿಗೆ ದಾರಾ ಸಿಂಗ್ ಅಂದರೆ ಟಿವಿ ರಾಮಾಯಣದ ಹನುಮಂತ, ಅಷ್ಟೇ. ಆ ಹನುಮಂತ ನಮಗೂ ಬಹಳ ಇಷ್ಟ. ಆದರೆ 1987ರಲ್ಲಿ ಆ ಧಾರಾವಾಹಿ ಶುರುವಾದಾಗ ಅವರಿಗೆ 58 ವರ್ಷ, ಅಷ್ಟರಲ್ಲಿ ಒಂದಿಡೀ ಕುಸ್ತಿ ಬದುಕು ಮುಗಿಸಿ 1983ರಲ್ಲಿ ದೆಹಲಿಯಲ್ಲಿ ಕೊನೆಯ ಪಂದ್ಯ ಆಡಿ ರಿಂಗ್ ಬಿಟ್ಟಿದ್ದರು. ಗದೆ ಹಿಡಿದು ನಿಂತ ಕೂಡಲೇ ಜನ ಒಪ್ಪಿಕೊಂಡರಲ್ಲ, ಅದು ಆ ಕುಸ್ತಿಯಿಂದ.

ಅಮೃತಸರದ ಹತ್ತಿರದ ಧರ್ಮುಚಕ್ ಎಂಬ ಹಳ್ಳಿಯ ಹುಡುಗ, ಹುಟ್ಟಿದ್ದು 1928ರಲ್ಲಿ. 1947ರಲ್ಲಿ ಸಿಂಗಾಪುರಕ್ಕೆ ಹೋದರು, ವೃತ್ತಿಪರ ಕುಸ್ತಿಗೆ ಇಳಿದದ್ದು ಆ ಕಡೆಯೇ. 1954ರಲ್ಲಿ ರುಸ್ತುಂ-ಎ-ಹಿಂದ್, ಅಂದರೆ ಭಾರತದ ಕುಸ್ತಿ ಚಾಂಪಿಯನ್ ಆದರು. ಹಂಗೇರಿ ಮೂಲದ ಕಿಂಗ್ ಕಾಂಗ್ ಎಂಬ ಕುಸ್ತಿಪಟು ಇದ್ದ, ತೂಕ 200 ಕಿಲೋ ಹತ್ತಿರ. ಅವನನ್ನು ದಾರಾ ಸಿಂಗ್ ತಲೆಯ ಮೇಲೆತ್ತಿ ತಿರುಗಿಸಿದ ಕಥೆ ಹಳಬರು ಇವತ್ತಿಗೂ ಹೇಳುತ್ತಾರೆ. 1959ರಲ್ಲಿ ಕಲ್ಕತ್ತಾದಲ್ಲಿ ಕೆನಡಾದ ಕುಸ್ತಿಪಟು ಜಾರ್ಜ್ ಗೋರ್ಡಿಯೆಂಕೋ ಅವರನ್ನು ಸೋಲಿಸಿ ಕಾಮನ್‌ವೆಲ್ತ್ ಪಟ್ಟ. ಆಮೇಲೆ 1968ರ ಮೇ 29, ಬಾಂಬೆ, ಎದುರಿಗೆ ಅಮೆರಿಕದ ಲೂ ಥೆಸ್. ಅವತ್ತು ಗೆದ್ದು ವಿಶ್ವ ಚಾಂಪಿಯನ್ ಎನಿಸಿಕೊಂಡರು. ಥೆಸ್‌ಗೆ ಆಗ 52 ವರ್ಷ ಅನ್ನುವುದು ನಿಜ, ಆದರೆ ಆ ಕಾಲದ ಕುಸ್ತಿಯಲ್ಲಿ ಅವರಿಗಿಂತ ದೊಡ್ಡ ಹೆಸರು ಸಿಗುವುದು ಕಷ್ಟ.

ವೃತ್ತಿಪರ ಕುಸ್ತಿ ಎಲ್ಲ ಮೊದಲೇ ಮಾತಾಡಿಕೊಂಡು ಆಡುವುದು ಅಲ್ವಾ ಅಂತ ಕೆಲವರು ಕೇಳುತ್ತಾರೆ. ಈ ಆಟದಲ್ಲಿ ಅದು ಇದ್ದದ್ದೇ. ಹಾಗಂತ ಅಷ್ಟು ತೂಕದ ಮನುಷ್ಯನನ್ನು ಸುಮ್ನೆ ಎತ್ತಲು ಆಗುತ್ತದಾ? ಅದಕ್ಕೆ ದಿನವೂ ದಂಡ, ಬೈಠಕ್ ಹೊಡೆದ ಮೈ ಬೇಕು. ಶಕ್ತಿ ತೋರಿಸಲು ಹೋದವನಿಗೆ 'ನೀನೇನು ದೊಡ್ಡ ದಾರಾ ಸಿಂಗಾ' ಅಂತ ನಾವು ಕೇಳುತ್ತೇವಲ್ಲ, ಒಬ್ಬ ಪೈಲ್ವಾನನಿಗೆ ಇದಕ್ಕಿಂತ ದೊಡ್ಡ ಬಿರುದು ಇದೆಯಾ? ರಾಜ್ಯಸಭೆಯ ಸ್ಥಾನ 2003ರಲ್ಲಿ ಬಂತು. ಅಮೆರಿಕದ ವೃತ್ತಿಪರ ಕುಸ್ತಿ ಸಂಸ್ಥೆ ಡಬ್ಲ್ಯೂಡಬ್ಲ್ಯೂಇ ದೊಡ್ಡ ಪೈಲ್ವಾನರ ಗೌರವಕ್ಕೆಂದು ಇಟ್ಟಿರುವ ಹಾಲ್ ಆಫ್ ಫೇಮ್‌ ಪಟ್ಟಿಗೆ ಅವರ ಹೆಸರು ಸೇರಿದ್ದು 2018ರಲ್ಲಿ, ಅವರು ಹೋಗಿ ಆರು ವರ್ಷದ ಮೇಲೆ.

2028ಕ್ಕೆ ಅವರು ಹುಟ್ಟಿ 100 ವರ್ಷ, ಅಲ್ಲಿಯವರೆಗೆ ಕಾಯೋಣ ಅಂದವರೂ ನಮ್ಮಲ್ಲಿದ್ದರು. ಅವರ ಕುಸ್ತಿಯನ್ನು ಕಣ್ಣಾರೆ ಕಂಡವರಿಗೆ ಈಗಾಗಲೇ ವಯಸ್ಸಾಗಿದೆ, ಅವರ ಕೈಗೂ ಇದು ಸಿಗಲಿ ಅನ್ನುವುದು ನಮ್ಮ ಆಸೆ.

ಫೋಟೋಗಳು ಜಾಸ್ತಿ ಕಪ್ಪು-ಬಿಳುಪಿನವು. ಬಣ್ಣ ಹಚ್ಚಲು ಹೋಗಿಲ್ಲ. ಹನುಮಂತನ ವೇಷದ್ದು ಬೇಕೆಂದೇ ಬಿಟ್ಟಿದ್ದೇವೆ. ಹಳೆಯ ಫೋಟೋಗಳಿಗೆ ಒಪ್ಪಿಗೆ ಪಡೆಯಲು ಹೊತ್ತು ಹಿಡಿಯಿತು, ಹಾಗಾಗಿ ಕ್ಯಾಲೆಂಡರ್ ಡಿಸೆಂಬರ್ ಕೊನೆಯ ವಾರ ನಿಮ್ಮ ಕೈ ಸೇರುತ್ತದೆ. ಹಬ್ಬ, ರಜೆ, ತಿಥಿ ಎಲ್ಲ ಎಂದಿನಂತೆಯೇ ಇವೆ. ಬೇಡ ಅನ್ನಿಸಿದವರು ನವೆಂಬರ್ ಮುಗಿಯುವುದರೊಳಗೆ ಒಂದು ಸಾಲು ಬರೆದರೆ ಸಾಕು, ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ.