ಒಂಬತ್ತನೇ ನಂಬರಿನ ಗೆಳೆಯನಿಗೆ

ಪ್ರಿಯ ಒಂಬತ್ತನೇ ನಂಬರೇ,

2018ರ ಜುಲೈನಿಂದ ನಮ್ಮಿಬ್ಬರ ನಡುವೆ ಇತ್ಯರ್ಥವಾಗದೆ ಉಳಿದಿರುವ ವ್ಯಾಜ್ಯವನ್ನು ಇವತ್ತು ನಾನಾಗಿಯೇ ಬಿಟ್ಟುಕೊಡುತ್ತಿದ್ದೇನೆ. ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಸಬಹುದಾಗಿದ್ದ ಸಂಗತಿಯನ್ನು ಹೀಗೆ ಎಲ್ಲರೂ ಓದುವ ಕಡೆ ಬರೆಯುವುದೇಕೆ ಎಂದು ನೀನು ಕೇಳಬಹುದು. ಫ್ರಾನ್ಸ್ ಫುಟ್‌ಬಾಲ್ ತಂಡದಲ್ಲಿದ್ದ ಸ್ಟ್ರೈಕರ್ ಒಲಿವಿಯೆ ಜಿರೂನನ್ನು ನಾನು ತೆಗಳಿದ್ದು ಎಲ್ಲರ ಎದುರಿಗೆ. ನಿನಗೆ 'ಜಿರೂ ವಕೀಲ' ಎಂದು ಹೆಸರಿಟ್ಟದ್ದೂ ಎಲ್ಲರ ಎದುರಿಗೆ. ಸೋಲೊಪ್ಪಿಗೆಯೂ ಅಲ್ಲೇ ನಡೆಯಬೇಕಲ್ಲವೇ? ನಮ್ಮ ಹಳೆಯ ತಂಡದವರು ಇದನ್ನು ಓದುತ್ತಾರೆಂದು ಬಲ್ಲೆ. ಗಂಟೆ ಮೇಷ್ಟ್ರೂ ಓದಲಿ; ಛತ್ರಿಯ ಪ್ರಸಂಗವನ್ನು ಮಾತ್ರ ದಯವಿಟ್ಟು ಯಾರೂ ಎತ್ತಬೇಡಿ.

ನನ್ನ ವಾದ ನಿನಗೆ ಬಾಯಿಪಾಠವಾಗಿದೆ. ಸ್ಟ್ರೈಕರ್, ಅಂದರೆ ಒಂಬತ್ತನೇ ನಂಬರಿನವನು, ಎಂದರೆ ಗೋಲು ಹೊಡೆಯುವವನು. ರಷ್ಯಾದ ವಿಶ್ವಕಪ್‌ನಲ್ಲಿ ಫ್ರಾನ್ಸ್ ಆಡಿದ ಏಳೂ ಪಂದ್ಯಗಳಲ್ಲಿ ಅಂಗಣಕ್ಕಿಳಿದ ಜಿರೂ ಒಂದೇ ಒಂದು ಗೋಲು ಹೊಡೆಯಲಿಲ್ಲ, ಗೋಲ್‌ಕೀಪರ್‌ಗೆ ಕೆಲಸ ಕೊಡುವಂಥ ಒಂದು ಹೊಡೆತವೂ ಅವನ ಕಾಲಿನಿಂದಾಗಲೀ ತಲೆಯಿಂದಾಗಲೀ ಬರಲಿಲ್ಲ. ಹಾಗಾಗಿ ಅವನು ಫಾರ್ಮ್‌ನಲ್ಲಿರಲಿಲ್ಲ, ಫ್ರಾನ್ಸ್ ಗೆದ್ದದ್ದು ಅವನು ಇದ್ದಾಗ್ಯೂ ಗೆದ್ದದ್ದು, ಅವನಿಂದಾಗಿ ಅಲ್ಲ. ಈ ವಾದವನ್ನು ಎಷ್ಟು ಸಲ, ಎಷ್ಟು ಜೋರು ದನಿಯಲ್ಲಿ ಹೇಳಿದ್ದೇನೆಂದರೆ, ಅದನ್ನು ಪರೀಕ್ಷಿಸಿ ನೋಡಬೇಕೆಂದು ನನಗೆ ಅನ್ನಿಸಿರಲೇ ಇಲ್ಲ.

ನೀನು ಪ್ರತಿ ಸಲವೂ ಆಸ್ಟ್ರೇಲಿಯಾ ವಿರುದ್ಧದ ಮೊದಲ ಪಂದ್ಯವನ್ನು ನೋಡು ಎನ್ನುತ್ತಿದ್ದೆ. ಕೊನೆಗೂ ನೋಡಿದೆ. ಜೂನ್ 16ರಂದು ಕಜಾನ್‌ನಲ್ಲಿ ಫ್ರಾನ್ಸ್‌ನ ಕೋಚ್ ದೆಶಾಂ ಅವರು ಗ್ರೀಜ್‌ಮನ್, ಎಂಬಾಪೆ, ಡೆಂಬೆಲೆ ಎಂಬ ಮೂವರು ಚುರುಕು ಕಾಲಿನವರನ್ನು ಮುಂದೆ ಬಿಟ್ಟು, ಜಿರೂನನ್ನು ಬೆಂಚಿನ ಮೇಲೆ ಕೂರಿಸಿದ್ದರು. ಕಾಗದದ ಮೇಲೆ ಅದಕ್ಕಿಂತ ಅಪಾಯಕಾರಿ ಸಾಲು ಇರಲಾರದು. ಆದರೆ ಆಸ್ಟ್ರೇಲಿಯಾದವರು ತಮ್ಮ ಪೆನಾಲ್ಟಿ ಬಾಕ್ಸ್‌ನ ಮುಂದೆ ಒತ್ತಾಗಿ ನಿಂತುಬಿಟ್ಟರು. ಓಡಲು ಜಾಗವಿಲ್ಲದ ಕಡೆ ವೇಗ ಯಾವ ಪ್ರಯೋಜನಕ್ಕೆ ಬರುತ್ತದೆ? ಸೆಂಟರ್ ಬ್ಯಾಕ್‌ಗಳನ್ನು, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್‌ಗಳನ್ನು, ತಡವಿಕೊಂಡು ನಿಲ್ಲುವವರು ಯಾರೂ ಇಲ್ಲದ್ದರಿಂದ ಅವರು ಸುಮ್ಮನೆ ಎದುರು ನೋಡುತ್ತ ಚೆಂಡನ್ನು ಕಾಯುತ್ತಿದ್ದರು. ಎಪ್ಪತ್ತನೇ ನಿಮಿಷಕ್ಕೆ ಜಿರೂ ಬಂದ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪೋಗ್ಬಾ ಅವನ ಜೊತೆ ಚೆಂಡನ್ನು ಕೊಟ್ಟು ತೆಗೆದುಕೊಂಡು ಒಳನುಗ್ಗಿದ, ಚೆಂಡು ಆಸ್ಟ್ರೇಲಿಯಾದ ಡಿಫೆಂಡರ್‌ಗೆ ತಾಗಿ ಮೇಲೆದ್ದು ಗೋಲಿನೊಳಗೆ ಬಿತ್ತು. 2-1. ಅಧಿಕೃತವಾಗಿ ಅದು ಆಸ್ಟ್ರೇಲಿಯಾದವರ ಸ್ವಂತ ಗೋಲು. ಜಿರೂನ ಹೆಸರು ಅದರ ಆಸುಪಾಸಿನಲ್ಲೂ ದಾಖಲಾಗಿಲ್ಲ.

ಪೆರು ವಿರುದ್ಧದ ಮುಂದಿನ ಪಂದ್ಯಕ್ಕೆ ಡೆಂಬೆಲೆಯನ್ನು ಕೈಬಿಟ್ಟು ಜಿರೂನನ್ನು ನಡುವೆ ನಿಲ್ಲಿಸಿದರು, ಎಡಗಡೆಗೆ ಮತ್ವಿದಿಯನ್ನು ತಂದರು. ಮತ್ವಿದಿ ಬದಿಯಿಂದ ನುಗ್ಗುವ ವಿಂಗರ್ ಅಲ್ಲ. ನಡು ಅಂಗಣದಲ್ಲಿ ಬೆವರು ಸುರಿಸುವ ಆಳು. ಅವನು ಎಡಬದಿಯಲ್ಲಿ ಹಿಂದೆ ಉಳಿದು ಕಾವಲು ಕಾಯುತ್ತಿದ್ದುದರಿಂದ ಬಲಬದಿಯ ಎಂಬಾಪೆ ಪ್ರತಿ ಸಲ ಹಿಂದಕ್ಕೆ ಓಡಿಬರಬೇಕಾಗಿರಲಿಲ್ಲ. ಜಿರೂ ಇಬ್ಬರು ಡಿಫೆಂಡರ್‌ಗಳನ್ನು ಬೆನ್ನಿಗೆ ಕಟ್ಟಿಕೊಂಡಿದ್ದುದರಿಂದ ಅವನ ಹಿಂದಿನ ಬಯಲಿನಲ್ಲಿ ಗ್ರೀಜ್‌ಮನ್ ತನಗೆ ಬೇಕಾದಲ್ಲಿ ಅಡ್ಡಾಡಬಹುದಾಗಿತ್ತು. ಎಂಬಾಪೆ ನಾಲ್ಕು ಗೋಲು, ಗ್ರೀಜ್‌ಮನ್ ನಾಲ್ಕು ಗೋಲು ಹೊಡೆದರು. ಇಷ್ಟು ವರ್ಷ ನಾನು ಇದನ್ನು ಬೇರೆಬೇರೆ ಖಾತೆಗಳಂತೆ ಓದುತ್ತಿದ್ದೆ: ಇವನು ಫಾರ್ಮ್‌ನಲ್ಲಿದ್ದಾನೆ, ಅವನೂ ಇದ್ದಾನೆ, ಜಿರೂ ಇಲ್ಲ. ಅದು ಒಂದೇ ಖಾತೆಯಾಗಿತ್ತು ಎಂಬುದು ನನ್ನ ತಲೆಗೆ ಹೋಗಲಿಲ್ಲ. ಅರ್ಜೆಂಟೀನಾ ವಿರುದ್ಧ ಎಂಬಾಪೆ ಹೊಡೆದ ಎರಡನೇ ಗೋಲನ್ನು ನೀನು ಹೇಳಿದಂತೆ ನಿಧಾನವಾಗಿ ಓಡಿಸಿ ನೋಡಿದೆ. ಬಲಗಡೆ ನುಗ್ಗುತ್ತಿದ್ದ ಅವನ ಹಾದಿಗೆ ಚೆಂಡನ್ನು ತಳ್ಳಿದವನು ಜಿರೂ. ಆ ಗೋಲನ್ನು ನೂರು ಸಲವಾದರೂ ನೋಡಿರಬೇಕು. ಪಾಸ್ ಕೊಟ್ಟವನ ಮುಖ ಮಾತ್ರ ನನಗೆ ನೆನಪಿರಲಿಲ್ಲ.

ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಸ್ಟ್ರೈಕರ್ ಆಗಿದ್ದ ಫಿರ್ಮಿನೊ ವಿಚಾರದಲ್ಲೂ ನಾನು ಇದೇ ತಪ್ಪು ಮಾಡಿದ್ದೆ. ಲಿವರ್‌ಪೂಲ್ 99 ಅಂಕ ಗಳಿಸಿ ಮೂವತ್ತು ವರ್ಷಗಳ ಬಳಿಕ ಲೀಗ್ ಗೆದ್ದ 2019-20ರಲ್ಲಿ ಅವನು ಲೀಗ್‌ನಲ್ಲಿ ಹೊಡೆದದ್ದು ಒಂಬತ್ತೇ ಗೋಲು, ತವರು ಅಂಗಣ ಆ್ಯನ್‌ಫೀಲ್ಡ್‌ನಲ್ಲಂತೂ ಒಂದೇ ಒಂದು, ಅದೂ ಜುಲೈ 22ರಂದು ಚೆಲ್ಸಿ ವಿರುದ್ಧ, ಪ್ರಶಸ್ತಿ ಖಚಿತವಾದ ಮೇಲೆ. ಅದೇ ಋತುವಿನಲ್ಲಿ ಅವನ ಇಬ್ಬದಿಯಲ್ಲಿ ಆಡುತ್ತಿದ್ದ ಸಲಾ 19, ಮಾನೆ 18 ಗೋಲು ಹೊಡೆದರು. ನಾನು ಆಗ ಹೊಸ ಸ್ಟ್ರೈಕರ್ ತರಬೇಕೆಂದು ಬೊಬ್ಬೆ ಹಾಕುತ್ತಿದ್ದೆ. ಫಿರ್ಮಿನೊ ತನ್ನ ಜಾಗ ಬಿಟ್ಟು ಹಿಂದಕ್ಕೆ ಇಳಿದಾಗಲೆಲ್ಲ ಎದುರಾಳಿ ಸೆಂಟರ್ ಬ್ಯಾಕ್ ಇಕ್ಕಟ್ಟಿಗೆ ಸಿಲುಕುತ್ತಿದ್ದ: ಹಿಂಬಾಲಿಸಿದರೆ ಬೆನ್ನ ಹಿಂದೆ ಸಲಾ ನುಗ್ಗುತ್ತಾನೆ, ಹಿಂಬಾಲಿಸದಿದ್ದರೆ ಫಿರ್ಮಿನೊ ಆರಾಮವಾಗಿ ತಿರುಗಿ ಪಾಸ್ ಕೊಡುತ್ತಾನೆ. 2009ರ ಮೇ 2ರಂದು ರಿಯಲ್ ಮ್ಯಾಡ್ರಿಡ್‌ನ ಅಂಗಣ ಬರ್ನಬೆಯುನಲ್ಲಿ ಬಾರ್ಸಿಲೋನಾದ ಕೋಚ್ ಗ್ವಾರ್ಡಿಯೊಲಾ ಮೆಸ್ಸಿಯನ್ನು ನಡುವಿಗೆ ತಂದು 6-2ರಿಂದ ಗೆದ್ದಾಗ ಇದೇ ತಂತ್ರವನ್ನು ನಾವಿಬ್ಬರೂ ಎದ್ದು ನಿಂತು ಹೊಗಳಿದ್ದೆವು. ಆ ದಿನ ಮಧ್ಯದ ಜಾಗ ಬಿಟ್ಟುಕೊಟ್ಟು ಬಲಬದಿಗೆ ಹೋದವನು ಆ ಋತುವಿನಲ್ಲಿ ಲೀಗ್‌ನಲ್ಲಿ 30 ಗೋಲು ಹೊಡೆದ ಎಟೊ. ಅವನ ಬಗ್ಗೆ ನಾವು ಒಂದು ಮಾತೂ ಆಡಲಿಲ್ಲ, ನೀನು ಕೂಡ.

ಅಂಕಿಅಂಶಗಳೂ ಇಲ್ಲಿ ನಮ್ಮ ಕೈಹಿಡಿಯುವುದಿಲ್ಲ. ಎಕ್ಸ್‌ಜಿ (ಎಕ್ಸ್‌ಪೆಕ್ಟೆಡ್ ಗೋಲ್ಸ್, ನಿರೀಕ್ಷಿತ ಗೋಲು) ಎನ್ನುವುದು ಹೊಡೆದ ಹೊಡೆತ ಗೋಲಾಗುವ ಸಂಭವ ಎಷ್ಟಿತ್ತೆಂದು ಹೇಳುತ್ತದೆ. ಹೊಡೆಯುವವನಿಗೆ ಆ ಜಾಗ ತೆರವು ಮಾಡಿಕೊಡಲು ಇನ್ನೊಂದು ದಿಕ್ಕಿಗೆ ಓಡಿದವನ ಲೆಕ್ಕ ಅದರಲ್ಲಿ ಬರುವುದಿಲ್ಲ. ಟಿವಿಯ ಕ್ಯಾಮೆರಾ ಚೆಂಡಿನ ಬೆನ್ನು ಹತ್ತುತ್ತದೆ, ನಮ್ಮ ಕಣ್ಣು ಕ್ಯಾಮೆರಾದ ಬೆನ್ನು ಹತ್ತುತ್ತದೆ.

ಹಾಗೆಂದು ಎಲ್ಲವೂ ತಂಡದ ವಿನ್ಯಾಸವೇ, ಫಾರ್ಮ್ ಎಂಬುದೇ ಇಲ್ಲ ಎನ್ನುವ ನಿನ್ನ ಮಾತನ್ನು ನಾನು ಒಪ್ಪಲಾರೆ. ಸ್ಪೇನಿನ ಸ್ಟ್ರೈಕರ್ ಟೊರೆಸ್ ವಿಷಯದಲ್ಲಿ ನಾನು ಈಗಲೂ ಬಗ್ಗುವುದಿಲ್ಲ. ಲಿವರ್‌ಪೂಲ್‌ಗೆ ಬಂದ ಮೊದಲ ವರ್ಷವೇ ಲೀಗ್‌ನಲ್ಲಿ 24 ಗೋಲು, 2008ರ ಯೂರೋ ಫೈನಲ್‌ನಲ್ಲಿ ಜರ್ಮನಿ ವಿರುದ್ಧ ಪಂದ್ಯದ ಏಕೈಕ ಗೋಲು. ಅಂಥವನು 2011ರ ಜನವರಿಯಲ್ಲಿ 5 ಕೋಟಿ ಪೌಂಡ್‌ಗೆ ಚೆಲ್ಸಿಗೆ ಬಂದು ಮೊದಲ ಗೋಲಿಗಾಗಿ ಸುಮಾರು ಮೂರು ತಿಂಗಳು ಕಾದ. ಚೆಲ್ಸಿಯವರು ಎದುರಾಳಿಯ ಅರ್ಧದಲ್ಲೇ ಚೆಂಡನ್ನು ಆಡಿಸುತ್ತಿದ್ದರು, ಡಿಫೆಂಡರ್‌ಗಳ ಬೆನ್ನ ಹಿಂದೆ ಅವನಿಗೆ ಬೇಕಾದ ಬಯಲು ಸಿಗುತ್ತಿರಲಿಲ್ಲ ಎಂಬ ನಿನ್ನ ವಿವರಣೆಯನ್ನು ಅರ್ಧ ಒಪ್ಪುತ್ತೇನೆ. ಆದರೆ ಆ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಂಗಣ ಓಲ್ಡ್ ಟ್ರಾಫರ್ಡ್‌ನಲ್ಲಿ ಅವನು ಗೋಲ್‌ಕೀಪರನ್ನು ದಾಟಿಕೊಂಡು ಹೋಗಿ, ಖಾಲಿ ಗೋಲಿನ ಎದುರು ನಿಂತು, ಚೆಂಡನ್ನು ಹೊರಗೆ ಕಳುಹಿಸಿದನಲ್ಲ, ಅಲ್ಲಿ ಯಾವ ವಿನ್ಯಾಸದ ದೋಷವಿತ್ತು? ಏಳು ತಿಂಗಳ ನಂತರ ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ, ಹತ್ತೇ ಜನರಿಂದ ಆಡುತ್ತಿದ್ದ ಚೆಲ್ಸಿಯ ಪರವಾಗಿ, ಕೊನೆಯ ಗಳಿಗೆಯಲ್ಲಿ ಅರ್ಧ ಅಂಗಣವನ್ನು ಒಬ್ಬನೇ ಓಡಿ, ಅದೇ ರೀತಿ ಗೋಲ್‌ಕೀಪರನ್ನು ದಾಟಿ, ಈ ಸಲ ಚೆಂಡನ್ನು ಒಳಗೆ ಹಾಕಿದ. ಅದೇ ಮನುಷ್ಯ, ಅದೇ ಬಗೆಯ ಅವಕಾಶ. ನಡುವಿನ ಆ ಏಳು ತಿಂಗಳಲ್ಲಿ ಅವನ ಕಾಲಿಗೂ ಮನಸ್ಸಿಗೂ ನಡುವೆ ಏನೋ ಕಡಿದುಹೋಗಿ ಮತ್ತೆ ಕೂಡಿಕೊಂಡಿತು, ಅದನ್ನು ನಾನು ಫಾರ್ಮ್ ಎನ್ನುತ್ತೇನೆ. ನೀನು ಬೇರೆ ಹೆಸರಿಡುವುದಾದರೆ ಇಡು.

ಇನ್ನು ನಿಜವಾದ ಕಾರಣಕ್ಕೆ ಬರುತ್ತೇನೆ. ಇದನ್ನೆಲ್ಲ ಮತ್ತೆ ನೋಡುವಂತೆ ಮಾಡಿದ್ದು ಜಿರೂ ಅಲ್ಲ. ನಮ್ಮ ಗೋಡೆ, ಅದೇ ನಮ್ಮ ಗೋಲ್‌ಕೀಪರ್, ಹೋದ ತಿಂಗಳು ಒಂದು ಹಳೆಯ ವಿಡಿಯೊ ಕಳುಹಿಸಿದ: ಕಾಲೇಜಿನ ಕೊನೆಯ ವರ್ಷದ ನಮ್ಮ ಸೆಮಿಫೈನಲ್. ಅವನ ಅಣ್ಣ ಗ್ಯಾಲರಿಯ ಮೇಲಿನ ಮೆಟ್ಟಿಲಲ್ಲಿ ಕ್ಯಾಮೆರಾ ಇಟ್ಟು, ಅದನ್ನು ಅತ್ತಿತ್ತ ಹೊರಳಿಸದೆ ಹಾಗೇ ಬಿಟ್ಟಿದ್ದ. ಆದ್ದರಿಂದ ಅದರಲ್ಲಿ ಇಡೀ ಅಂಗಣ ಕಾಣುತ್ತದೆ, ಚೆಂಡಿಲ್ಲದ ಕಡೆಯೂ ಕಾಣುತ್ತದೆ.

ನಾನು ಹೊಡೆದ ಗೋಲಿನ ಕಥೆಯನ್ನು ನೀನು ಸಾವಿರ ಸಲ ಕೇಳಿದ್ದೀಯೆ. ಇಬ್ಬರು ಡಿಫೆಂಡರ್‌ಗಳನ್ನು ಸೋಲಿಸಿ ನಡುವಿನಿಂದ ನುಗ್ಗಿ ಹೊಡೆದೆ ಎಂದು. ವಿಡಿಯೊದಲ್ಲಿ ಆ ಇಬ್ಬರು ಅಲ್ಲಿ ಇಲ್ಲ. ನನಗೆ ಚೆಂಡು ಬರುವುದಕ್ಕೆ ಎರಡು ಕ್ಷಣ ಮೊದಲು ನೀನು ಬಾಕ್ಸ್‌ನ ನಡುವಿನಿಂದ ಬಲಗಡೆಯ ಮೂಲೆಯ ಬಾವುಟದತ್ತ ಓಟ ಕಿತ್ತಿದ್ದೀಯೆ, ಅವರಿಬ್ಬರೂ ನಿನ್ನ ಹಿಂದೆಯೇ ಹೋಗಿದ್ದಾರೆ, ಅವರು ಬಿಟ್ಟುಹೋದ ಜಾಗ ಒಂದು ಅಂಗಳದಷ್ಟು ಅಗಲವಾಗಿದೆ. ಓಡುವ ಮೊದಲು ನಿನ್ನ ಎಡಗೈ ಬೆನ್ನ ಹಿಂದೆ ಹೋಗಿ, ಅಂಗೈ ತೆರೆದು, ಎರಡು ಸಲ ಕೆಳಕ್ಕೆ ಆಡುತ್ತದೆ. ನಾವೆಲ್ಲ 'ಬಸ್ಸು ನಿಲ್ಲಿಸುವ ಕೈ' ಎಂದು ನಗುತ್ತಿದ್ದ ಅದೇ ಕೈ. ಅದು ನಿನ್ನ ಅಭ್ಯಾಸಬಲ ಎಂದುಕೊಂಡಿದ್ದೆ. ನೀನು ನನಗೆ ಜಾಗ ತೋರಿಸುತ್ತಿದ್ದೆ. ಮತ್ತೆ ಮೊದಲಿನಿಂದ ಹಾಕಿ, ಚೆಂಡನ್ನು ಬಿಟ್ಟು ನಿನ್ನನ್ನೇ ನೋಡುತ್ತ ಎಣಿಸಿದೆ: ಉಳಿದಿರುವ ನಲವತ್ತು ನಿಮಿಷದ ತುಣುಕಿನಲ್ಲಿ ಹದಿನೇಳು ಸಲ ಹಾಗೆ ಓಡಿದ್ದೀಯೆ, ನಿನಗೆ ಚೆಂಡು ಸಿಕ್ಕಿದ್ದು ಮೂರು ಸಲ. ಒಂದು ಸಲವೂ ಕೈಚೆಲ್ಲಿ ನಿಂತಿಲ್ಲ. ಹಿಂದಕ್ಕೆ ನಡೆದು ಬಂದು ಮತ್ತೆ ಅದೇ ಜಾಗದಲ್ಲಿ ನಿಂತಿದ್ದೀಯೆ.

ಆ ಸೆಮಿಫೈನಲ್ ಮುಗಿದ ಸಂಜೆ ನಾನು ಕೋಚ್ ಬಳಿ ಹೋಗಿ, ಫೈನಲ್‌ಗೆ ನಿನ್ನನ್ನು ಕೈಬಿಡಬೇಕೆಂದು ಹೇಳಿದೆ. ಐದು ಪಂದ್ಯಗಳಿಂದ ಅವನು ಗೋಲು ಹೊಡೆದಿಲ್ಲ, ಫಾರ್ಮ್‌ನಲ್ಲಿಲ್ಲ ಎಂದೆ. ಅವರು ಎರಡು ಸಲ ಕೇಳಿದರು. ನಾಯಕನಾಗಿ ಎರಡು ಸಲವೂ ಅದನ್ನೇ ಹೇಳಿದೆ. ನಿನ್ನ ಕಣಕಾಲಿನ ನೋವಿನಿಂದಾಗಿ ಕೋಚ್ ಹಾಗೆ ನಿರ್ಧರಿಸಿದರೆಂದು ನೀನು ಇವತ್ತಿಗೂ ನಂಬಿದ್ದೀಯೆ. ಫೈನಲ್‌ನ ವಿರಾಮದ ಹೊತ್ತಿನಲ್ಲಿ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟು, ಅವರ ನಾಲ್ಕನೇ ನಂಬರ್ ಎಡಕ್ಕೆ ತಿರುಗಲಾರ ಎಂದು ಹೇಳಿದ್ದು ನೀನು.

ಪಂದ್ಯವನ್ನು ಒಂದು ಕಾರ್ನರ್‌ನಿಂದ 1-0ರಲ್ಲಿ ಗೆದ್ದೆವು. ಗೆದ್ದದ್ದರಿಂದ ನನ್ನ ತೀರ್ಮಾನವನ್ನು ಯಾರೂ ಪ್ರಶ್ನಿಸಲಿಲ್ಲ, ನಾನೂ ಪ್ರಶ್ನಿಸಿಕೊಳ್ಳಲಿಲ್ಲ. ನಿನ್ನ ಜಾಗದಲ್ಲಿ ಅಂದು ಆಡಿದವನು ನಾನು. ತೊಂಬತ್ತು ನಿಮಿಷ ಆ ಇಬ್ಬರು ಸೆಂಟರ್ ಬ್ಯಾಕ್‌ಗಳ ನಡುವೆ ಉಸಿರಾಡಲೂ ಜಾಗವಿರಲಿಲ್ಲ. ಎದುರಾಳಿ ಗಟ್ಟಿ ತಂಡ ಎಂದುಕೊಂಡೆ. ಇಲ್ಲಿಗೆ ನಿಲ್ಲಿಸಬೇಕೆಂದೇ ಕೂತು ಬರೆಯತೊಡಗಿದ್ದು, ಆದರೆ ಅರ್ಧ ಸತ್ಯ ಹೇಳಿ ಎದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ನಿನ್ನ ಫಾರ್ಮ್ ಬಗ್ಗೆ ನನಗೆ ಅನುಮಾನವಿದ್ದದ್ದು ನಿಜ. ಆದರೆ ಫೈನಲ್‌ನಲ್ಲಿ ನಡುವಿನಲ್ಲಿ ನಿಂತು ಗೋಲು ಹೊಡೆಯುವವನು ನಾನಾಗಬೇಕೆಂಬ ಆಸೆ ಆ ಅನುಮಾನಕ್ಕಿಂತ ಮೊದಲೇ ಇತ್ತು. ಅದಕ್ಕೊಂದು ಮರ್ಯಾದೆಯ ಹೆಸರು ಬೇಕಾಗಿತ್ತು, 'ಫಾರ್ಮ್' ಎಂಬ ಪದ ಕೈಗೆ ಸಿಕ್ಕಿತು. ಅಲ್ಲಿಂದ ಮುಂದೆ ಗೋಲು ಹೊಡೆಯದ ಪ್ರತಿಯೊಬ್ಬ ಸ್ಟ್ರೈಕರ್‌ನ ಮೇಲೆ ನಾನು ಅಷ್ಟು ಕಟುವಾಗಿ ಹರಿಹಾಯುತ್ತಿದ್ದುದು ಏಕೆಂದು ಈಗ ಯೋಚಿಸಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಅವರಲ್ಲಿ ಒಬ್ಬ ಸರಿಯೆಂದು ಒಪ್ಪಿಕೊಂಡರೂ ಆ ಸಂಜೆಯ ಮಾತಿಗೆ ಉತ್ತರ ಕೊಡಬೇಕಾಗುತ್ತಿತ್ತು. ಕ್ಷಮಿಸು ಗೆಳೆಯಾ.

ಸರಿ, ಇಷ್ಟು ಸಾಕು. ಗೋಡೆ ಇದನ್ನು ಓದಿ ಅತ್ತುಬಿಟ್ಟರೆ ಸಮಾಧಾನ ಮಾಡುವ ಸರದಿ ನಿನ್ನದು, ಕಳೆದ ಸಲ ನಾನು ಮಾಡಿದ್ದೆ. ವಿಡಿಯೊ ನಿನಗೂ ಕಳುಹಿಸಿದ್ದೇನೆ. ಇಪ್ಪತ್ತೆರಡನೇ ನಿಮಿಷದ ಓಟವನ್ನು ತಪ್ಪದೆ ನೋಡು, ಅದರಲ್ಲಿ ಡಿಫೆಂಡರ್‌ಗಳಿಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಳ್ಳುತ್ತಾರೆ. 2022ರ ಡಿಸೆಂಬರ್‌ನಲ್ಲಿ ಜಿರೂ ಫ್ರಾನ್ಸ್ ಪರ 52ನೇ ಗೋಲು ಹೊಡೆದು ಆನ್ರಿಯ ದಾಖಲೆ ದಾಟಿದ ರಾತ್ರಿ ನೀನು ನನಗೆ ಕಳುಹಿಸಿದ ಸಂದೇಶಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಅದಕ್ಕೆ ಈಗ ಉತ್ತರ: ಹೌದು, ನೀನು ಹೇಳಿದ್ದೇ ಸರಿ.

ಭಾನುವಾರದ ಪಂದ್ಯಕ್ಕೆ ಎಂದಿನಂತೆ ಫೋನ್ ಹಚ್ಚಿಕೊಂಡೇ ಕೂರೋಣ. ಮೊದಲರ್ಧ ನೀನು ಚೆಂಡನ್ನು ನೋಡು, ನಾನು ಒಂಬತ್ತನೇ ನಂಬರನ್ನು ನೋಡುತ್ತೇನೆ. ವಿರಾಮದ ನಂತರ ಅದಲುಬದಲು. ಟೊರೆಸ್ ಮಾತು ಎತ್ತುವುದಾದರೆ ಮಾತ್ರ ಪಂದ್ಯ ಮುಗಿದ ಮೇಲೆ ಎತ್ತು, ಅದಕ್ಕೆ ಪೂರ್ತಿ ತೊಂಬತ್ತು ನಿಮಿಷ ಬೇಕು.

ನಿನ್ನ,
ಹತ್ತನೇ ನಂಬರು