ಅನ್ನ ಬಿಟ್ಟಿಲ್ಲ ಅಮ್ಮ, ಕಡಿಮೆ ಮಾಡಿದ್ದೇನೆ

ಪುಣೆ
ಭಾನುವಾರ

ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂತು, ಪಾರ್ಸೆಲ್ಲೂ ಬಂತು. ಹುಚ್ಚೆಳ್ಳು ಚಟ್ನಿಪುಡಿ ಆಗಲೇ ಅರ್ಧ ಖಾಲಿ.

ಕಾಗದ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಈ ವಿಷಯ ತೆಗೆದರೆ ನೀನು ಅಳುತ್ತೀಯ, ಅಷ್ಟರಲ್ಲಿ ಅಪ್ಪ ಒಳಗೆ ಬರುತ್ತಾರೆ, ನೀನು ಮಳೆಯ ಮಾತು ಶುರು ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಮಗಳು ಅನ್ನ ಬಿಟ್ಟಿದ್ದಾಳೆ ಅಂತ ತಿಪಟೂರಿನ ಅತ್ತೆಯವರೆಗೂ ಸುದ್ದಿ ಹೋಗಿದೆಯಂತೆ. ಬಿಟ್ಟಿಲ್ಲಮ್ಮ, ಕಡಿಮೆ ಮಾಡಿದ್ದೇನೆ ಅಷ್ಟೇ. ನನಗೆ ಪಿಸಿಓಎಸ್, ಅಂದರೆ ಮುಟ್ಟು ತಪ್ಪಿಸುವ ಹಾರ್ಮೋನಿನ ತೊಂದರೆ, ಇದೆ ಅಂತ ಡಾಕ್ಟರಮ್ಮ ಹೇಳಿದ್ದಾರಲ್ಲ, ಅದಕ್ಕೆ ಈ ಪಥ್ಯ. ಉಪವಾಸವಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ಮೊಟ್ಟೆ, ಜೊತೆಗೆ ಮೆಂತ್ಯ ಸೊಪ್ಪಿನ ಪಲ್ಯ. ಮಧ್ಯಾಹ್ನದ ಡಬ್ಬಿಗೆ ಮೊಳಕೆ ಕಾಳಿನ ಪಲ್ಯ, ಸೌತೆಕಾಯಿ, ಗಟ್ಟಿ ಮೊಸರು, ಅರ್ಧ ಜೋಳದ ಭಾಕರಿ. ರಾತ್ರಿ ಹೀರೇಕಾಯಿ, ಪನೀರ್, ಕೆಲವು ದಿನ ಕೋಳಿ ಸಾರು. ಮಧ್ಯೆ ಹಸಿವಾದರೆ ಕಡಲೆಕಾಯಿ ಬೀಜ, ನೀನು ಕಳಿಸಿದ ಕೊಬ್ಬರಿ. ಹೊಟ್ಟೆ ತುಂಬುತ್ತದೆ. ಮೊದಮೊದಲು ತಲೆನೋವು ಬರುತ್ತಿತ್ತು, ಸುಸ್ತಾಗುತ್ತಿತ್ತು, ನಿಜ. ನೀರು ಜಾಸ್ತಿ ಕುಡಿಯಲು, ಮಜ್ಜಿಗೆಗೆ ಉಪ್ಪು ಹಾಕಿಕೊಳ್ಳಲು ಡಾಕ್ಟರಮ್ಮ ಹೇಳಿದರು. ಈಗ ಏನೂ ಇಲ್ಲ.

ರಾಗಿಮುದ್ದೆ ತಿಂದರೆ ಎಲ್ಲ ಸರಿಹೋಗುತ್ತೆ ಅಂತ ಬರೆದಿದ್ದೀಯ. ರಾಗಿ ಒಳ್ಳೆಯದೇ ಅಮ್ಮ. ಸುಣ್ಣದ ಅಂಶ, ನಾರು ಎರಡೂ ಅಕ್ಕಿಗಿಂತ ಎಷ್ಟೋ ಜಾಸ್ತಿ. ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿ ಕಾರ್ಬೋಹೈಡ್ರೇಟ್ ಸುಮಾರು 70 ಗ್ರಾಂ, ಅಕ್ಕಿಯಲ್ಲಿ 78. ಇಷ್ಟೇ ವ್ಯತ್ಯಾಸ. ಮುದ್ದೆ ಚಿಕ್ಕದಿರಬೇಕು, ಬಸ್ಸಾರು, ಸೊಪ್ಪು ಜಾಸ್ತಿ ಇರಬೇಕು. ಬೆಲ್ಲವೂ ಅಷ್ಟೇ, ಸಕ್ಕರೆಯ ಲೆಕ್ಕವೇ. ಪಿಸಿಓಎಸ್‌ಗೆ ಇದೊಂದೇ ಪಥ್ಯ ಅಂತ ಇಲ್ಲವಂತೆ. ಒಂದು ಪಥ್ಯ ಇನ್ನೊಂದಕ್ಕಿಂತ ಮೇಲು ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುವುದಿಲ್ಲ. ಬಹಳ ದಿನ ನಡೆಸಿಕೊಂಡು ಹೋಗುವಂಥದ್ದು ಯಾವುದೋ ಅದನ್ನು ಹಿಡಿ ಅಂತ ಡಾಕ್ಟರಮ್ಮ ಅಂದರು. ನನ್ನ ಇನ್ಸುಲಿನ್ ತೊಂದರೆಗೆ ಇದು ಹೊಂದುತ್ತಿದೆ.

ಈಗ ನಿನ್ನ ನಿಜವಾದ ಭಯಕ್ಕೆ ಬರುತ್ತೇನೆ. ಅಂಡಾಶಯದಲ್ಲಿ ಗಡ್ಡೆ ಇದೆ ಅಂತ ಯಾರೋ ನಿನಗೆ ಹೇಳಿದ್ದಾರೆ. ಗಡ್ಡೆ ಅಲ್ಲ ಅಮ್ಮ. ಮೊಟ್ಟೆ ಬೆಳೆಯುವ ಸಣ್ಣ ಸಣ್ಣ ಕೋಶಗಳು ಪೂರ್ತಿ ಬಲಿಯದೆ ಅಲ್ಲೇ ನಿಂತಿವೆ, ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಅದೇ. ಆಪರೇಷನ್ ಏನೂ ಬೇಡ. ರಕ್ತದ ಸಕ್ಕರೆಯನ್ನು ಜೀವಕೋಶದೊಳಗೆ ಸೇರಿಸುವುದು ಇನ್ಸುಲಿನ್. ಅದು ಬಾಗಿಲು ತಟ್ಟಿದರೆ ನನ್ನ ಮೈಯ ಜೀವಕೋಶಗಳು ಬೇಗ ತೆಗೆಯುವುದಿಲ್ಲ. ಅದಕ್ಕೆ ಮೇದೋಜೀರಕ ಗ್ರಂಥಿ ಇನ್ನೂ ಇನ್ನೂ ಇನ್ಸುಲಿನ್ ಮಾಡಿ ಕಳಿಸುತ್ತದೆ. ಅದು ರಕ್ತದಲ್ಲಿ ಜಾಸ್ತಿಯಾದಾಗ ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚಾಗಿ ಮಾಡುತ್ತದೆ. ಆಮೇಲೆ ಮುಟ್ಟು ತಪ್ಪುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ, ಮೊಡವೆ ಬರುತ್ತವೆ. ಅನ್ನ, ಸಕ್ಕರೆ, ಮೈದಾ ಕಡಿಮೆ ಮಾಡಿದರೆ ಅಷ್ಟೊಂದು ಇನ್ಸುಲಿನ್ ಬೇಕಾಗುವುದಿಲ್ಲ. ಪಥ್ಯ ಇರುವುದು ಇದಕ್ಕೇ, ಸಣ್ಣ ಕಾಣಬೇಕು ಅಂತ ಅಲ್ಲ.

ನನ್ನ ಕುತ್ತಿಗೆಯ ಕಪ್ಪು ನೆನಪಿದೆಯಾ? ಕಡ್ಲೆಹಿಟ್ಟು, ನಿಂಬೆಹಣ್ಣು ಹಚ್ಚಿ ಎಷ್ಟು ಉಜ್ಜುತ್ತಿದ್ದೆ ನೀನು. ಅದು ಕೊಳೆಯೇ ಅಲ್ಲವಂತೆ. ಇನ್ಸುಲಿನ್ ಜಾಸ್ತಿ ಇದ್ದವರಿಗೆ ಕುತ್ತಿಗೆ, ಕಂಕುಳಲ್ಲಿ ಚರ್ಮ ಹೀಗೆ ದಪ್ಪವಾಗಿ ಕಪ್ಪಾಗುತ್ತದೆ. ಡಾಕ್ಟರಮ್ಮ ಮೊದಲು ನೋಡಿದ್ದೇ ನನ್ನ ಕುತ್ತಿಗೆ. ನನಗೆ ಅಲ್ಲೇ ಅಳು ಬಂತು. ನೀನು ಬೇಜಾರು ಮಾಡಿಕೊಳ್ಳಬೇಡ. ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಿತ್ತು?

ಸಕ್ಕರೆ ಕಾಯಿಲೆ ಬಂದಿಲ್ಲ. ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ, 5.8 ಇದೆ. 5.7ರಿಂದ 6.4ರವರೆಗೆ ಇದ್ದರೆ ಕಾಯಿಲೆಯ ಹಿಂದಿನ ಹಂತ, ಅಂದರೆ ಹುಷಾರಾಗಿರಬೇಕಾದ ಸಮಯ. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟಿದ್ದಾರೆ, ಊಟದ ಜೊತೆ ತೆಗೆದುಕೊಳ್ಳುತ್ತೇನೆ. ತೂಕ 5ರಿಂದ 10 ಪರ್ಸೆಂಟ್ ಇಳಿದರೂ ಎಷ್ಟೋ ಜನಕ್ಕೆ ಮುಟ್ಟು ಸರಿಯಾಗುತ್ತದಂತೆ. ಹೋದ ಸಲ ನನಗೆ ಮುಟ್ಟು ಬರಿಸುವ ಮಾತ್ರೆ ಇಲ್ಲದೆ ತಾನಾಗಿಯೇ ಆಯಿತು! ಅದನ್ನು ಹೇಳಲು ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ?

ಇನ್ನು ನನಗೆ ಬಂದಿರುವ ಅರಸೀಕೆರೆಯವರ ಸಂಬಂಧದ ವಿಷಯ. ಅವರಿಗೆ ಏನೂ ಹೇಳಬೇಡ, ಮದುವೆಯಾದರೆ ತಾನೇ ಸರಿಹೋಗುತ್ತೆ ಅಂತ ಅತ್ತೆ ಹೇಳಿದರಂತೆ. ಮದುವೆ ಇದಕ್ಕೆ ಔಷಧಿ ಅಲ್ಲ ಅಮ್ಮ. ಮಕ್ಕಳಾಗುವುದಿಲ್ಲ ಅನ್ನುವ ಮಾತೂ ಸುಳ್ಳು. ಪಿಸಿಓಎಸ್ ಇರುವ ಎಷ್ಟೋ ಹೆಂಗಸರಿಗೆ ತಾವಾಗಿಯೇ ಮಕ್ಕಳಾಗುತ್ತಾರೆ. ತಡವಾದರೆ ಮೊಟ್ಟೆ ಬಿಡುಗಡೆಯಾಗಲು ಲೆಟ್ರೋಜೋಲ್ ಅನ್ನುವ ಮಾತ್ರೆ ಇದೆ, ಮೊದಲು ಕೊಡುವುದೇ ಅದನ್ನು. ಪ್ರಪಂಚದಲ್ಲಿ ಮಕ್ಕಳಾಗುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಜನಕ್ಕೆ ಇದು ಇದೆ. ಇಷ್ಟು ಜನಕ್ಕೆ ಇರುವುದನ್ನು ಮುಚ್ಚಿಟ್ಟು ಮದುವೆಯಾಗಲು ನನಗೆ ಆಗುವುದಿಲ್ಲ. ಮೊದಲ ದಿನದಿಂದ ಮಾತ್ರೆ ಬಚ್ಚಿಟ್ಟುಕೊಂಡು, ಅತ್ತೆಮನೆಯವರು ಬಡಿಸಿದ ಅನ್ನಕ್ಕೆಲ್ಲ ಹೂಂ ಅನ್ನುತ್ತಾ ಬದುಕಬೇಕಾ? ಅಪ್ಪನ ಹತ್ತಿರ ಹೇಳಿಸು. ನಿಮಗೆ ಕಷ್ಟವಾದರೆ ಹುಡುಗನ ನಂಬರ್ ಕೊಡು, ನಾನೇ ಮಾತಾಡುತ್ತೇನೆ. ಕೇಳಿಸಿಕೊಂಡು ಬೇಡ ಅಂದರೆ ಬೇಡ. ಅದಕ್ಕೆ ನೀನು ತಲೆ ತಗ್ಗಿಸಬೇಕಾದ್ದು ಏನೂ ಇಲ್ಲ.

ಇಲ್ಲಿ ನನ್ನನ್ನು ನೋಡಿಕೊಳ್ಳುವವರಿಲ್ಲ ಅಂದುಕೊಳ್ಳಬೇಡ. ಮನೆ ಓನರ್ ಕಾಕು ಇದ್ದಾರೆ. ಉಪವಾಸದ ದಿನ ಇವರು ಮಾಡುವುದು ಸಾಬುದಾಣಾ ಖಿಚಡಿ! ಸಬ್ಬಕ್ಕಿಗೆ ಕಡಲೆಕಾಯಿ ಪುಡಿ, ಆಲೂಗಡ್ಡೆ, ತುಪ್ಪ ಹಾಕಿ ಮಾಡುತ್ತಾರೆ, ಬಹಳ ರುಚಿ. ಆದರೆ ಸಬ್ಬಕ್ಕಿ ಅಂದರೆ ಮರಗೆಣಸಿನ ಬರೀ ಹಿಟ್ಟು, ನನಗೆ ಒಂದು ಚಮಚ ಸಾಕು. ಈಗ ಕಾಕು ನನಗಾಗಿ ಕಡ್ಲೆಹಿಟ್ಟಿನ ಪಿಠ್ಲ ಮಾಡಿಕೊಡುತ್ತಾರೆ. ನಮ್ಮ ಸಬ್ಬಸಿಗೆ ಇಲ್ಲಿ ಶೇಪು, ತೊಂಡೆಕಾಯಿ ತೊಂಡ್ಲಿ. ಮಂಡೈ ಮಾರ್ಕೆಟ್ಟಿನಲ್ಲಿ ಎಲ್ಲ ಸಿಗುತ್ತದೆ. ಬೆಳಿಗ್ಗೆ ವೇತಾಳ ಟೇಕಡಿ ಅನ್ನುವ ಗುಡ್ಡ ಹತ್ತಲು ಹೋಗುತ್ತೇನೆ. ಅಪ್ಪನಿಗಿಂತ ದೊಡ್ಡವರು ನನ್ನನ್ನು ದಾಟಿ ಹೋಗುತ್ತಾರೆ. ಈ ಊರಿನವರ ಈ ಗುಣ ನನಗೆ ಬಹಳ ಇಷ್ಟ.

ಒಂದು ಮಾತು ನಡೆಸಿಕೊಡಬೇಕು. ನನ್ನ ಈ ತೊಂದರೆ ಮನೆತನದಲ್ಲಿ ಬರುತ್ತದಂತೆ. ಅಜ್ಜಿಗೂ ಶುಗರ್ ಇತ್ತು. ನೀನೂ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸು. ಚಿಕ್ಕಿಗೂ ಮುಟ್ಟು ಸರಿಯಾಗಿ ಆಗುತ್ತಿಲ್ಲ ಅಲ್ವಾ? ಅವಳನ್ನೂ ಕರೆದುಕೊಂಡು ಹೋಗು. ಸುಮ್ನೆ ಮುಂದೂಡಬೇಡ, ದುಡ್ಡು ನಾನು ಕಳಿಸುತ್ತೇನೆ.

ನಾನು ಚೆನ್ನಾಗಿದ್ದೇನೆ, ಸುಸ್ತಿಲ್ಲ, ಕೂದಲು ಉದುರುವುದೂ ಜಾಸ್ತಿಯಾಗಿಲ್ಲ, ನಿಜವಾಗಿಯೂ ಚೆನ್ನಾಗಿದ್ದೇನೆ. ಮುಂದಿನ ಪಾರ್ಸೆಲ್ಲಿಗೆ ಕೊಬ್ಬರಿ ಮಿಠಾಯಿ ಬೇಡ, ಚಟ್ನಿಪುಡಿ ಇನ್ನಷ್ಟು ಹಾಕು. ಅಪ್ಪನ ಬಿಪಿ ಮಾತ್ರೆ ತಪ್ಪಿಸಬೇಡ. ಕಾಕು ಮಾರ್ಕೆಟ್ಟಿಗೆ ಕರೆಯುತ್ತಿದ್ದಾರೆ, ದಾರಿಯಲ್ಲೇ ಇದನ್ನು ಪೋಸ್ಟ್ ಮಾಡುತ್ತೇನೆ. ಅರಸೀಕೆರೆಯವರಿಗೆ ಈ ವಾರವೇ ಹೇಳಿ.

ಇಂತಿ ನಿನ್ನ
ಪುಟ್ಟಿ