ಹೊಡೆದಾಟ ಜಾಸ್ತಿ, ಹೊಲದ ಮಾತು ಕಡಿಮೆ

ಮಾನ್ಯ ಸಂಪಾದಕರೇ,

ಸಂಗೊಳ್ಳಿ ರಾಯಣ್ಣನ ಸಿನಿಮಾವನ್ನು ಮೊನ್ನೆ ಮನೆಮಂದಿಯೆಲ್ಲ ಕೂತು ಮತ್ತೊಮ್ಮೆ ನೋಡಿದೆವು. ಮುಗಿದ ಮೇಲೆ ಶುರುವಾಯಿತು ನೋಡಿ ಜಗಳ! ಮಗನಿಗೆ ಕತ್ತಿವರಸೆ ಸಾಲಲಿಲ್ಲ, ನನಗೆ ಜಾಸ್ತಿಯಾಯಿತು. ಅತ್ತೆಯವರದು ಬೇರೆಯೇ ತಕರಾರು: ‘ಲಾವಣಿಯಲ್ಲಿ ಕೇಳಿದ ರಾಯಣ್ಣ ಇನ್ನೂ ಎತ್ತರ ಇದ್ದ!’

ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ರಾಯಣ್ಣನ ಹೊಲದಲ್ಲಿ ಒಂದು ಪಾಲು ಕಿತ್ತುಕೊಂಡಿತು. ಉಳಿದದ್ದಕ್ಕೆ ಕಂದಾಯ ಏರಿಸಿತು. ಸರ್ಕಾರಿ ಕಚೇರಿಗಳಿಗೆ ಅವನು ಬೆಂಕಿ ಇಟ್ಟದ್ದು ಸುಮ್ನೆ ಅಲ್ಲ. ಹೊಲ ಕಳೆದುಕೊಂಡವನ ಆ ಸಂಕಟ ಹಾಡು, ಹೊಡೆದಾಟಗಳ ಗದ್ದಲದಲ್ಲಿ ಮನಸ್ಸಿಗೆ ನಾಟುವುದೇ ಇಲ್ಲ.

ಆದರೂ ಒಂದು ಮಾತು ಒಪ್ಪಬೇಕು. ಗಲ್ಲಿನ ದೃಶ್ಯ ಬಂದಾಗ ಮಗ ಮೊಬೈಲು ಕೆಳಗಿಟ್ಟ. ‘ಇದು ಯಾವಾಗ ಆಗಿದ್ದು?’ ಎಂದು ಕೇಳಿದ. 1831ರ ಜನವರಿ 26, ನಂದಗಡದಲ್ಲಿ ಎಂದೆ. ‘ಜನವರಿ 26?’ ಎಂದು ಕಣ್ಣರಳಿಸಿದ.

ಅಲ್ಲಿ ರಾಯಣ್ಣನ ನೆನಪು ಹೊತ್ತು ನಿಂತ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತವರು ಈಗಲೂ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಮುಂದೆ ಯಾರಾದರೂ ರಾಯಣ್ಣನ ಕಥೆ ತೆಗೆದರೆ ಒಂದು ಫೈಟ್ ಕಡಿಮೆ ಮಾಡಿ ಆ ತೊಟ್ಟಿಲುಗಳನ್ನು ನಿಧಾನವಾಗಿ ತೋರಿಸಲಿ.

– ಒಬ್ಬ ಪ್ರೇಕ್ಷಕಿ